ಒಳನಾಡಿನ ಪಿಆರ್ ಸುಲಭವೇ? ಪ್ರಾದೇಶಿಕ ವಲಸೆ: ತಪ್ಪು ಕಲ್ಪನೆ ಮತ್ತು ಸತ್ಯ

ಬೇಲೂರು ತಾಲ್ಲೂಕಿನ ಅರೇಹಳ್ಳಿ ಕಾಫಿ, ಮೆಣಸು, ಏಲಕ್ಕಿಯ ಹೋಬಳಿ. ಕಾಡಾನೆಯ ಕಾಟ, ಆಳಿನ ಅಭಾವ, ನೆಚ್ಚಲಾಗದ ಮಳೆ, ಏರಿಳಿಯುವ ಬೆಲೆ ಎಲ್ಲವನ್ನೂ ಕಂಡ ಇಲ್ಲಿನ ಮನೆಗಳು ಮಕ್ಕಳನ್ನು ಹಾಸನಕ್ಕೋ ಬೆಂಗಳೂರಿಗೋ ಓದಲು ಕಳಿಸುತ್ತವೆ. ಎಂಜಿನಿಯರಿಂಗ್, ನರ್ಸಿಂಗ್, ಐಟಿಐ ಮುಗಿಸಿ ನಾಲ್ಕಾರು ವರ್ಷ ದುಡಿದ ಮಕ್ಕಳು ಮುಂದೆ ಕೆನಡಾ, ಆಸ್ಟ್ರೇಲಿಯಾದ ಕಡೆ ನೋಡುತ್ತಾರೆ. ದೊಡ್ಡ ನಗರಕ್ಕೆ ಆಗದಿದ್ದರೆ ಒಳನಾಡಿಗಾದರೂ ಹೋಗೋಣ, ಅಲ್ಲಿ ಪಿಆರ್ (ಕಾಯಂ ವಾಸದ ಹಕ್ಕು) ಬೇಗ ಸಿಗುತ್ತದಂತೆ ಎಂಬ ಮಾತು ಆಗ ಕಿವಿಗೆ ಬೀಳುತ್ತದೆ. ಈ ಮಾತಿನಲ್ಲಿ ಸ್ವಲ್ಪ ಸತ್ಯವಿದೆ, ಬಹಳಷ್ಟು ಅಪಾಯವಿದೆ. ತೋಟ ಅಡವಿಡುವ ಮೊದಲು ಎರಡನ್ನೂ ಬೇರ್ಪಡಿಸಿ ನೋಡಬೇಕು.

ಹೊರದೇಶದಿಂದ ಬಂದವರು ಹೆಚ್ಚಾಗಿ ಟೊರಾಂಟೊ, ಸಿಡ್ನಿಯಂಥ ನಗರಗಳಲ್ಲೇ ನೆಲೆಸುತ್ತಾರೆ. ಉಳಿದ ಪ್ರಾಂತ್ಯಗಳಲ್ಲಿ ದಾದಿಯರು, ಶಿಕ್ಷಕರು, ಎಲೆಕ್ಟ್ರೀಷಿಯನ್‌ಗಳು ಸಾಲುವುದಿಲ್ಲ. ಈ ಕೊರತೆ ತುಂಬಲು ಹುಟ್ಟಿದ್ದೇ ಪ್ರಾದೇಶಿಕ ವಲಸೆ ಯೋಜನೆಗಳು. ಕೆನಡಾದಲ್ಲಿ ಪ್ರಾಂತ್ಯಗಳೇ ಜನರನ್ನು ಆರಿಸಿ ಶಿಫಾರಸು ಮಾಡುವ ಕ್ರಮವನ್ನು 1998ರಲ್ಲಿ ಮ್ಯಾನಿಟೋಬಾ ಮೊದಲು ಜಾರಿಗೆ ತಂದಿತು. ಆಸ್ಟ್ರೇಲಿಯಾದ ಈಗಿನ 491 ವೀಸಾ 2019ರ ನವೆಂಬರ್ 16ರಂದು ಬಂತು. ಕುಯ್ಲಿನ ಕಾಲದಲ್ಲಿ ನಮ್ಮ ತೋಟಗಳು ಹೊರಗಿನಿಂದ ಆಳು ಕರೆಸುವುದಿಲ್ಲವೇ? ಎಷ್ಟು ಜನ ಬೇಕು, ಯಾವ ಕೆಲಸಕ್ಕೆ ಬೇಕು ಎಂದು ಹೇಳುವುದು ತೋಟವೇ ಹೊರತು ಬರುವವರಲ್ಲ. ಅಲ್ಲಿಯೂ ಆರಿಸುವುದು ಆ ಪ್ರಾಂತ್ಯದ ಅಗತ್ಯ. ಇದೊಂದು ಮನಸ್ಸಿನಲ್ಲಿದ್ದರೆ ಮುಂದಿನ ತಪ್ಪು ಕಲ್ಪನೆಗಳಲ್ಲಿ ಅರ್ಧ ತಾವಾಗಿಯೇ ಕಳಚುತ್ತವೆ.

ತಪ್ಪು ಕಲ್ಪನೆ 1: ರೀಜನಲ್ ಎಂದರೆ ಕುಗ್ರಾಮ, ಸಿಗುವುದು ಹೊಲದ ಕೆಲಸ.

ಸತ್ಯ: ಆಸ್ಟ್ರೇಲಿಯಾದ ಲೆಕ್ಕದಲ್ಲಿ ಸಿಡ್ನಿ, ಮೆಲ್ಬರ್ನ್, ಬ್ರಿಸ್ಬೇನ್ ಈ ಮೂರು ಮಹಾನಗರಗಳನ್ನು ಬಿಟ್ಟು ಉಳಿದೆಲ್ಲವೂ ಪ್ರಾದೇಶಿಕ ವಲಯ. ಪರ್ತ್, ಅಡಿಲೇಡ್, ರಾಜಧಾನಿ ಕ್ಯಾನ್‌ಬೆರಾ, ಗೋಲ್ಡ್ ಕೋಸ್ಟ್, ಹೋಬಾರ್ಟ್ ಕೂಡ ಇದರೊಳಗೇ ಬರುತ್ತವೆ. ಇವೆಲ್ಲ ವಿಶ್ವವಿದ್ಯಾಲಯ, ದೊಡ್ಡ ಆಸ್ಪತ್ರೆ, ವಿಮಾನ ನಿಲ್ದಾಣ ಇರುವ ನಗರಗಳು. ಕೆನಡಾದ ಅಟ್ಲಾಂಟಿಕ್ ಯೋಜನೆ ನ್ಯೂ ಬ್ರನ್ಸ್‌ವಿಕ್, ನೋವಾ ಸ್ಕೋಷಿಯಾ, ಪ್ರಿನ್ಸ್ ಎಡ್ವರ್ಡ್ ಐಲ್ಯಾಂಡ್, ನ್ಯೂಫೌಂಡ್‌ಲ್ಯಾಂಡ್ ಮತ್ತು ಲ್ಯಾಬ್ರಡಾರ್ ಎಂಬ ನಾಲ್ಕು ಪ್ರಾಂತ್ಯಗಳಿಗೆ ಸೇರಿದ್ದು. 2017ರಲ್ಲಿ ಪ್ರಯೋಗವಾಗಿ ಆರಂಭವಾದ ಅದು 2022ರಲ್ಲಿ ಕಾಯಂ ಆಯಿತು. ಅಲ್ಲಿ ಅಕೌಂಟೆಂಟ್, ನರ್ಸ್, ಅಡುಗೆಯವರು, ಲಾರಿ ಚಾಲಕರು ಎಲ್ಲರಿಗೂ ದಾರಿಯುಂಟು.

ತಪ್ಪು ಕಲ್ಪನೆ 2: ಡಿಗ್ರಿಯೋ ತೋಟದ ಅನುಭವವೋ ಇದ್ದರೆ ಸಾಕು, ಕುಶಲ ಕೆಲಸಗಾರ ಎಂದೇ ಪರಿಗಣಿಸುತ್ತಾರೆ.

ಸತ್ಯ: ಅಲ್ಲಿ ಪ್ರತಿ ಕೆಲಸಕ್ಕೂ ಒಂದು ಸಂಕೇತ ಸಂಖ್ಯೆ ಇದೆ. ಆ ಸಂಖ್ಯೆಯ ಅಡಿಯಲ್ಲಿ ಬರೆದಿರುವ ಕರ್ತವ್ಯಗಳನ್ನೇ ನೀವು ದಿನನಿತ್ಯ ಮಾಡಿದ್ದೀರಿ ಎಂದು ದಾಖಲೆ ಸಮೇತ ತೋರಿಸಬೇಕು. ಆಸ್ಟ್ರೇಲಿಯಾಕ್ಕೆ ಅರ್ಜಿ ಹಾಕುವ ಮೊದಲೇ ಕೌಶಲ ಮೌಲ್ಯಮಾಪನ ಆಗಿರಬೇಕು. ಎಂಜಿನಿಯರುಗಳಿಗೆ ಎಂಜಿನಿಯರ್ಸ್ ಆಸ್ಟ್ರೇಲಿಯಾ, ಕಂಪ್ಯೂಟರ್ ಕ್ಷೇತ್ರದವರಿಗೆ ಆಸ್ಟ್ರೇಲಿಯನ್ ಕಂಪ್ಯೂಟರ್ ಸೊಸೈಟಿ, ಐಟಿಐ ಮುಗಿಸಿದ ಎಲೆಕ್ಟ್ರೀಷಿಯನ್, ಫಿಟ್ಟರ್‌ಗಳಿಗೆ ಟ್ರೇಡ್ಸ್ ರೆಕಗ್ನಿಷನ್ ಆಸ್ಟ್ರೇಲಿಯಾ, ಹೀಗೆ ಒಂದೊಂದು ವೃತ್ತಿಗೆ ಒಂದೊಂದು ಸಂಸ್ಥೆ ಉಂಟು. ಕಾರೇಕೆರೆಯ ಕೃಷಿ ಕಾಲೇಜಿನಲ್ಲಿ ಓದಿ ಬೆಳೆ ಸಲಹೆಗಾರರಾಗಿ ದುಡಿದವರು ಕೃಷಿ ತಜ್ಞರೆಂದು ವೆಟಾಸೆಸ್ ಸಂಸ್ಥೆಯಿಂದ ಮೌಲ್ಯಮಾಪನ ಮಾಡಿಸಿಕೊಳ್ಳಬಹುದು. ತೋಟದಲ್ಲಿ ರೈಟರ್ ಆಗಿ ಹಾಜರಿ ಬರೆದ ಅನುಭವಕ್ಕೆ ಅದೇ ಬೆಲೆ ಬರುವುದಿಲ್ಲ.

ಇನ್ನೊಂದು ಎಚ್ಚರ. ವೀಸಾಕ್ಕಾಗಿ ಮಾಡಿಸುವ ಮೌಲ್ಯಮಾಪನವೇ ಬೇರೆ, ಕೆಲಸ ಮಾಡಲು ಬೇಕಾದ ಪರವಾನಗಿಯೇ ಬೇರೆ. ನರ್ಸ್‌ಗಳು ಅಲ್ಲಿನ ವೃತ್ತಿ ಮಂಡಳಿಯಲ್ಲಿ ನೋಂದಾಯಿಸಿಕೊಳ್ಳಬೇಕು. ಎಲೆಕ್ಟ್ರೀಷಿಯನ್‌ಗಳು ಪೂರ್ಣ ಲೈಸೆನ್ಸ್ ಸಿಗುವವರೆಗೆ ಮತ್ತೊಬ್ಬರ ಮೇಲ್ವಿಚಾರಣೆಯಲ್ಲಿ ಕೆಲಸ ಮಾಡಬೇಕಾಗುತ್ತದೆ.

ತಪ್ಪು ಕಲ್ಪನೆ 3: ಅರವತ್ತೈದು ಅಂಕ ಬಂದರೆ ವೀಸಾ ಖಚಿತ.

ಸತ್ಯ: 491 ವೀಸಾಕ್ಕೆ 65 ಅಂಕ ಬಾಗಿಲ ಹೊಸ್ತಿಲು ಮಾತ್ರ. ವಯಸ್ಸು, ಇಂಗ್ಲಿಷ್, ವಿದ್ಯೆ, ಅನುಭವ ಇವುಗಳಿಗೆ ಅಂಕವಿದೆ, ರಾಜ್ಯ ಸರ್ಕಾರದ ನಾಮನಿರ್ದೇಶನಕ್ಕೆ 15 ಅಂಕ ಸೇರುತ್ತದೆ. ಆದರೆ ಆ ನಾಮನಿರ್ದೇಶನ ಕೊಡುವುದು ಬಿಡುವುದು ರಾಜ್ಯದ ಇಷ್ಟ. 2024–25ರ ಸಾಲಿನಲ್ಲಿ ಪ್ರಾದೇಶಿಕ ವರ್ಗಕ್ಕೆ ಇಡೀ ಆಸ್ಟ್ರೇಲಿಯಾದಲ್ಲಿ ಮೀಸಲಿಟ್ಟ ಸ್ಥಾನ 33,000. ಅದನ್ನು ರಾಜ್ಯಗಳು ಹಂಚಿಕೊಳ್ಳಬೇಕು, ಸಾಲಿನಲ್ಲಿ ಜಗತ್ತಿನ ಎಲ್ಲ ದೇಶದವರೂ ನಿಂತಿರುತ್ತಾರೆ. ಈಗಾಗಲೇ ತಮ್ಮಲ್ಲೇ ಓದುತ್ತಿರುವ, ದುಡಿಯುತ್ತಿರುವ ಜನರಿಗೆ ಹಲವು ರಾಜ್ಯಗಳು ಆದ್ಯತೆ ಕೊಡುತ್ತವೆ.

ಆಸಕ್ತಿ ವ್ಯಕ್ತಪಡಿಸಿ ಆನ್‌ಲೈನ್‌ನಲ್ಲಿ ವಿವರ ತುಂಬುವುದು ಅರ್ಜಿಯೇ ಅಲ್ಲ. ಅದಕ್ಕೆ ಶುಲ್ಕವೂ ಇಲ್ಲ. ಆಹ್ವಾನ ಬಂದ ಮೇಲೆ 60 ದಿನದೊಳಗೆ ಹಾಕುವುದೇ ನಿಜವಾದ ಅರ್ಜಿ. "ನಿಮ್ಮ ಫೈಲ್ ಆಸ್ಟ್ರೇಲಿಯಾದಲ್ಲಿ ಮೂವ್ ಆಗಿದೆ" ಎಂದು ಹೇಳಿ ಯಾರಾದರೂ ಎರಡನೇ ಕಂತು ಕೇಳಿದರೆ, ಆಹ್ವಾನ ಪತ್ರ ತೋರಿಸಿ ಎನ್ನಿ.

ತಪ್ಪು ಕಲ್ಪನೆ 4: ಪ್ರಾಂತ್ಯ ಒಪ್ಪಿದರೆ ಕೆನಡಾ ಪಿಆರ್ ಕೈಗೆ ಬಂದಂತೆ.

ಸತ್ಯ: ಒಕ್ಕೂಟ ಸರ್ಕಾರದ ಅಂಕಾಧಾರಿತ ಆಯ್ಕೆ ಪದ್ಧತಿಯಾದ ಎಕ್ಸ್‌ಪ್ರೆಸ್ ಎಂಟ್ರಿಗೆ ಜೋಡಿಸಿದ ಪ್ರಾಂತೀಯ ನಾಮನಿರ್ದೇಶನ ಸಿಕ್ಕರೆ 600 ಅಂಕ ಸೇರುತ್ತದೆ, ಆಹ್ವಾನ ಬರುವುದು ಬಹುಮಟ್ಟಿಗೆ ಖಚಿತವಾಗುತ್ತದೆ. ಆದರೆ ಕೊನೆಯ ತೀರ್ಮಾನ ಒಕ್ಕೂಟ ಸರ್ಕಾರದ್ದು. ಆರೋಗ್ಯ ತಪಾಸಣೆ, ಪೊಲೀಸ್ ಪ್ರಮಾಣಪತ್ರ, ಹಣದ ಪುರಾವೆ, ದಾಖಲೆಗಳ ಸತ್ಯಾಸತ್ಯತೆ ಎಲ್ಲವನ್ನೂ ಅದು ಮತ್ತೆ ನೋಡುತ್ತದೆ. ಕ್ವಿಬೆಕ್ ಈ ಯೋಜನೆಯಲ್ಲಿ ಇಲ್ಲ. 1991ರ ಒಪ್ಪಂದದ ಪ್ರಕಾರ ಅದು ತನ್ನವರನ್ನು ತಾನೇ ಆರಿಸುತ್ತದೆ, ಅಲ್ಲಿ ಫ್ರೆಂಚ್ ಮುಖ್ಯ.

ಇಂದಿನ ದಾರಿ ನಾಳೆಯೂ ತೆರೆದಿರುತ್ತದೆ ಎಂದು ನಂಬಿ ಕೂರುವಂತೆಯೂ ಇಲ್ಲ. ಪ್ರಾಂತೀಯ ನಾಮನಿರ್ದೇಶನದ ಗುರಿ 2024ರಲ್ಲಿ 1,10,000 ಇದ್ದದ್ದನ್ನು 2025ಕ್ಕೆ 55,000ಕ್ಕೆ, ಅಂದರೆ ಸರಿಯಾಗಿ ಅರ್ಧಕ್ಕೆ, ಇಳಿಸಲಾಯಿತು. ಎರಡು ವರ್ಷದ ಹಿಂದೆ ಹೋದ ಸಂಬಂಧಿಕರ ಅನುಭವ ಇಂದಿನ ನಿಯಮಕ್ಕೆ ಆಧಾರವಾಗಲಾರದು.

ತಪ್ಪು ಕಲ್ಪನೆ 5: ದುಡ್ಡು ಕೊಟ್ಟರೆ ಆಫರ್ ಲೆಟರ್ ಬರುತ್ತದೆ, ಅದರ ಮೇಲೆ ಪಿಆರ್ ಬರುತ್ತದೆ.

ಸತ್ಯ: ಇದು ಮನೆ ಮುಳುಗಿಸುವ ಕಲ್ಪನೆ. ಕೆನಡಾದಲ್ಲಿ ಹೊರದೇಶದವರನ್ನು ನೇಮಿಸಲು ಮಾಲೀಕನಿಗೆ ಬೇಕಾದ ಎಲ್‌ಎಂಐಎ ಅನುಮತಿಗೆ ಹುದ್ದೆಯೊಂದಕ್ಕೆ 1,000 ಡಾಲರ್ ಶುಲ್ಕವಿದೆ. ಅದನ್ನು ಮಾಲೀಕನೇ ಕಟ್ಟಬೇಕು, ಕೆಲಸಗಾರನಿಂದ ವಸೂಲಿ ಮಾಡುವಂತಿಲ್ಲ. ಈ ಪತ್ರಗಳ ಮಾರಾಟ ಹೆಚ್ಚಿದ್ದರಿಂದಲೇ ಎಕ್ಸ್‌ಪ್ರೆಸ್ ಎಂಟ್ರಿಯಲ್ಲಿ ಉದ್ಯೋಗ ಪತ್ರಕ್ಕೆ ಕೊಡುತ್ತಿದ್ದ ಅಂಕವನ್ನು 2025ರ ಮಾರ್ಚ್ 25ರಿಂದ ತೆಗೆದುಹಾಕಲಾಗಿದೆ. ಆಸ್ಟ್ರೇಲಿಯಾದಲ್ಲಿ ವೀಸಾ ಪ್ರಾಯೋಜನೆಗಾಗಿ ಹಣ ಕೇಳುವುದೂ ಪಡೆಯುವುದೂ 2015ರ ಡಿಸೆಂಬರ್‌ನಿಂದ ಅಪರಾಧ.

ಅಟ್ಲಾಂಟಿಕ್ ಯೋಜನೆಯಲ್ಲಿ ಉದ್ಯೋಗ ಪತ್ರ ನಿಜವಾಗಿಯೂ ಬೇಕು. ಆದರೆ ಅದು ಪ್ರಾಂತ್ಯ ಗುರುತಿಸಿದ ಮಾಲೀಕರಿಂದಲೇ ಬರಬೇಕು. ಅವರ ಪಟ್ಟಿ ಪ್ರಾಂತ್ಯದ ಸರ್ಕಾರಿ ಜಾಲತಾಣದಲ್ಲಿ ಸಿಗುತ್ತದೆ, ನೀವೇ ಹೆಸರು ಹುಡುಕಿ ನೋಡಬಹುದು.

ತಪ್ಪು ಕಲ್ಪನೆ 6: ಅನುಭವ ಪತ್ರ ಹೇಗಾದರೂ ಹೊಂದಿಸಬಹುದು.

ಸತ್ಯ: ನಮ್ಮ ಕಡೆಯ ನಿಜವಾದ ಕಷ್ಟ ಇಲ್ಲಿದೆ. ಅರಸೀಕೆರೆಯ ವರ್ಕ್‌ಶಾಪಿನಲ್ಲೋ ಬೇಲೂರಿನ ಹೋಟೆಲಿನಲ್ಲೋ ವರ್ಷಗಟ್ಟಲೆ ನಿಷ್ಠೆಯಿಂದ ದುಡಿದವರ ಕೈಯಲ್ಲಿ ಹುನ್ನರವಿರುತ್ತದೆ, ಕಾಗದವಿರುವುದಿಲ್ಲ. ಸಂಬಳ ನಗದಾಗಿ ಬಂದಿರುತ್ತದೆ, ಪಿಎಫ್ ಇರುವುದಿಲ್ಲ, ಸಂಬಳದ ಚೀಟಿ ಇರುವುದಿಲ್ಲ. ಅಧಿಕಾರಿಗಳು ಕೇಳುವುದು ಕರ್ತವ್ಯಗಳ ವಿವರವಿರುವ ಪತ್ರ, ಬ್ಯಾಂಕ್ ಸ್ಟೇಟ್‌ಮೆಂಟ್, ಫಾರ್ಮ್ 16, ಪಿಎಫ್ ದಾಖಲೆ. ಅವರು ಮಾಲೀಕರಿಗೆ ಫೋನ್ ಮಾಡಿ ವಿಚಾರಿಸುವುದೂ ಉಂಟು.

ಇಲ್ಲದ ಅನುಭವವನ್ನು ಸೃಷ್ಟಿಸಿದರೆ ಕೆನಡಾ ಐದು ವರ್ಷ ಬಾಗಿಲು ಮುಚ್ಚುತ್ತದೆ. ಆಸ್ಟ್ರೇಲಿಯಾದಲ್ಲಿ ಸುಳ್ಳು ದಾಖಲೆಗೆ ಮೂರು ವರ್ಷ, ಗುರುತಿನ ವಿಷಯದಲ್ಲಿ ಮೋಸವಾದರೆ ಹತ್ತು ವರ್ಷ ವೀಸಾ ಸಿಗದು. ಪತ್ರ ಮಾಡಿಕೊಟ್ಟವನು ನುಣುಚಿಕೊಳ್ಳಬಹುದು, ಸಹಿ ಹಾಕಿದ ಹುಡುಗನ ಹೆಸರು ಕೆಡುತ್ತದೆ. ಆದ್ದರಿಂದ ಇನ್ನೂ ಕೆಲಸದಲ್ಲಿರುವವರು ಇವತ್ತೇ ಸಂಬಳವನ್ನು ಬ್ಯಾಂಕಿಗೆ ಹಾಕಿಸಿಕೊಳ್ಳಲಿ, ಪ್ರತಿ ತಿಂಗಳ ಚೀಟಿ ಎತ್ತಿಡಲಿ.

ಹೆಸರಿನ ಗೊಂದಲವೂ ಸಣ್ಣದಲ್ಲ. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಇನಿಷಿಯಲ್, ಡಿಗ್ರಿಯಲ್ಲಿ ತಂದೆಯ ಹೆಸರು, ಪಾಸ್‌ಪೋರ್ಟ್‌ನಲ್ಲಿ ಊರಿನ ಹೆಸರು ಇದ್ದರೆ ಮೂವರೂ ಒಬ್ಬರೇ ಎಂದು ಸಾಬೀತು ಮಾಡಲು ತಿಂಗಳುಗಳು ಬೇಕು. ಇದನ್ನು ಮೊದಲೇ ಸರಿಪಡಿಸಿಕೊಳ್ಳಬೇಕು.

ತಪ್ಪು ಕಲ್ಪನೆ 7: ಹತ್ತು ಎಕರೆ ತೋಟವಿದೆ, ಹಣದ ಪುರಾವೆಗೆ ಪಹಣಿ ಸಾಕು.

ಸತ್ಯ: ಎಕ್ಸ್‌ಪ್ರೆಸ್ ಎಂಟ್ರಿಯ ಕುಶಲ ಕೆಲಸಗಾರ ವರ್ಗದಲ್ಲಿ ಒಬ್ಬ ವ್ಯಕ್ತಿಗೆ ಸುಮಾರು 15,000 ಕೆನಡಾ ಡಾಲರ್ ಕೈಗೆ ಸಿಗುವ ಹಣವಾಗಿ ಇರಬೇಕು. ಕುಟುಂಬ ದೊಡ್ಡದಾದಂತೆ ಮೊತ್ತ ಏರುತ್ತದೆ. ಭೂಮಿ, ಮನೆಯ ಬೆಲೆ ಲೆಕ್ಕಕ್ಕಿಲ್ಲ. ಬೇರೆಯವರಿಂದ ಸಾಲ ತಂದ ಹಣವೂ ಸಲ್ಲದು. ಕಳೆದ ಆರು ತಿಂಗಳ ಸರಾಸರಿ ಬಾಕಿ ತೋರಿಸುವ ಬ್ಯಾಂಕ್ ಪತ್ರ ಕೇಳುವುದರಿಂದ, ಕೊನೆಯ ವಾರ ಯಾರದ್ದೋ ಹಣ ಖಾತೆಗೆ ಹಾಕಿಸಿಕೊಂಡರೆ ಸಿಕ್ಕಿಬೀಳುವುದು ಖಂಡಿತ. ಹಣ ತೋರಿಸಲೆಂದು ತೋಟ ಅಡವಿಟ್ಟವರಿಗೆ ಕಡೆಗೆ ವೀಸಾವೂ ಇಲ್ಲ, ಬಡ್ಡಿಯೂ ತಪ್ಪುವುದಿಲ್ಲ.

ತಪ್ಪು ಕಲ್ಪನೆ 8: ಒಮ್ಮೆ ಒಳಗೆ ಹೋದರೆ ಮರುದಿನವೇ ದೊಡ್ಡ ನಗರಕ್ಕೆ ಹೋಗಬಹುದು.

ಸತ್ಯ: ಇಲ್ಲಿ ಎರಡು ದೇಶಗಳ ನಿಯಮ ಬೇರೆ ಬೇರೆ. ಆಸ್ಟ್ರೇಲಿಯಾದ 491 ಪಿಆರ್ ಅಲ್ಲ, ಐದು ವರ್ಷದ ತಾತ್ಕಾಲಿಕ ವೀಸಾ. ವಾಸ, ಕೆಲಸ, ಓದು ಮೂರೂ ಪ್ರಾದೇಶಿಕ ವಲಯದಲ್ಲೇ ಆಗಬೇಕೆಂಬುದು ಅದರ ಷರತ್ತು. ಕನಿಷ್ಠ ಮೂರು ವರ್ಷ ಆ ವೀಸಾದಲ್ಲಿದ್ದು, ಷರತ್ತು ಪಾಲಿಸಿ, ಮೂರು ವರ್ಷದ ಆದಾಯ ತೆರಿಗೆ ದಾಖಲೆ ಕೊಟ್ಟ ಮೇಲೆ 191 ಎಂಬ ಕಾಯಂ ವೀಸಾಕ್ಕೆ ಅರ್ಜಿ ಹಾಕಬಹುದು. ಮೆಲ್ಬರ್ನ್ ನಗರದಲ್ಲಿರುವ ಅಣ್ಣ ಈ ವೀಸಾಕ್ಕೆ ಪ್ರಾಯೋಜಕನಾಗಲಾರ. ಪ್ರಾಯೋಜಿಸುವ ಬಂಧುವೂ ಪ್ರಾದೇಶಿಕ ವಲಯದಲ್ಲೇ ನೆಲೆಸಿರಬೇಕು.

ಕೆನಡಾದಲ್ಲಿ ಪ್ರಾಂತೀಯ ದಾರಿಯಲ್ಲಿ ಸಿಗುವುದು ನೇರ ಪಿಆರ್. ಪಿಆರ್ ಪಡೆದವರಿಗೆ ದೇಶದ ಯಾವ ಪ್ರಾಂತ್ಯಕ್ಕೂ ಹೋಗುವ ಹಕ್ಕನ್ನು ಅಲ್ಲಿನ ಸಂವಿಧಾನ ಕೊಟ್ಟಿದೆ. ಆದರೆ ನಾಮನಿರ್ದೇಶನ ಮಾಡಿದ ಪ್ರಾಂತ್ಯದಲ್ಲಿ ನೆಲೆಸುವ ಮನಸ್ಸು ನಿಜವಾಗಿ ಇರಬೇಕು. ಆ ಉದ್ದೇಶವೇ ಇಲ್ಲದೆ ಸುಳ್ಳು ಹೇಳಿ ಬಂದರೆಂದು ಕಂಡುಬಂದರೆ ಪಿಆರ್‌ಗೇ ಕುತ್ತು. ಕರೆದು ಜಾಗ ಕೊಟ್ಟ ಊರಿಗೆ ಮಾತು ತಪ್ಪುವುದು ಮುಂದೆ ಬರುವ ನಮ್ಮ ಮಕ್ಕಳ ದಾರಿಯನ್ನೂ ಕಿರಿದು ಮಾಡುತ್ತದೆ.

ತಪ್ಪು ಕಲ್ಪನೆ 9: ಕನ್ನಡ ಮಾಧ್ಯಮದವರಿಗೆ, ಮೂವತ್ತು ದಾಟಿದವರಿಗೆ ಇದು ಸಾಧ್ಯವಿಲ್ಲ.

ಸತ್ಯ: ಯಾವ ಮಾಧ್ಯಮದಲ್ಲಿ ಓದಿದಿರಿ ಎಂಬುದಕ್ಕೆ ಅಂಕವಿಲ್ಲ, ಪರೀಕ್ಷೆಯಲ್ಲಿ ತೋರಿದ ಭಾಷೆಗೆ ಅಂಕ. 491ಕ್ಕೆ ಐಇಎಲ್‌ಟಿಎಸ್ ಇಂಗ್ಲಿಷ್ ಪರೀಕ್ಷೆಯ ನಾಲ್ಕೂ ವಿಭಾಗಗಳಲ್ಲಿ ಕನಿಷ್ಠ 6 ಬೇಕು. ವರ್ಷವಿಡೀ ಶ್ರದ್ಧೆಯಿಂದ ಅಭ್ಯಾಸ ಮಾಡಿದರೆ ಅರೇಹಳ್ಳಿ ಸರ್ಕಾರಿ ಶಾಲೆಯಲ್ಲಿ ಓದಿದವರಿಗೂ ಅದು ಎಟುಕುತ್ತದೆ. ವಯಸ್ಸಿನ ಲೆಕ್ಕದಲ್ಲಿ ಆಸ್ಟ್ರೇಲಿಯಾ 25ರಿಂದ 32ರವರೆಗಿನವರಿಗೆ ಪೂರ್ಣ 30 ಅಂಕ, 33ರಿಂದ 39ರವರಿಗೆ 25 ಅಂಕ ಕೊಡುತ್ತದೆ. ಆಹ್ವಾನ ಬರುವಾಗ 45 ತುಂಬಿರಬಾರದು. ಕೆನಡಾದ ಅಂಕಪದ್ಧತಿ ಮಾತ್ರ ಮೂವತ್ತರಿಂದ ಇಳಿಯತೊಡಗುತ್ತದೆ. ಭಾಷಾ ಪರೀಕ್ಷೆಯ ಫಲಿತಾಂಶ ಕೆನಡಾಕ್ಕೆ ಎರಡು ವರ್ಷ, ಆಸ್ಟ್ರೇಲಿಯಾಕ್ಕೆ ಮೂರು ವರ್ಷ ಊರ್ಜಿತ.

ತಪ್ಪು ಕಲ್ಪನೆ 10: ಕನ್ಸಲ್ಟೆನ್ಸಿ ಇಲ್ಲದೆ ಅರ್ಜಿ ಹಾಕಲಾಗದು, ಅವರು ಗ್ಯಾರಂಟಿ ಕೊಡುತ್ತಾರೆ.

ಸತ್ಯ: ಎರಡೂ ದೇಶಗಳಿಗೆ ಅಭ್ಯರ್ಥಿಯೇ ನೇರವಾಗಿ ಅರ್ಜಿ ಹಾಕಬಹುದು. ನೆರವು ಬೇಕೆನಿಸಿದರೆ ಪಡೆಯುವುದರಲ್ಲಿ ತಪ್ಪಿಲ್ಲ, ಆದರೆ ಗ್ಯಾರಂಟಿ ಕೊಡುವ ಅಧಿಕಾರ ಯಾರಿಗೂ ಇಲ್ಲ. ಕೆನಡಾ ವಲಸೆಗೆ ಹಣ ಪಡೆದು ಸಲಹೆ ಕೊಡುವವರು ಅಲ್ಲಿನ ವಕೀಲರೋ ಪರವಾನಗಿ ಪಡೆದ ವಲಸೆ ಸಲಹೆಗಾರರೋ ಆಗಿರಬೇಕು. ಸಲಹೆಗಾರರ ಹೆಸರನ್ನು ಅವರಿಗೆ ಪರವಾನಗಿ ಕೊಡುವ ನಿಯಂತ್ರಣ ಸಂಸ್ಥೆಯ ಸಾರ್ವಜನಿಕ ಪಟ್ಟಿಯಲ್ಲಿ ನೋಡಬಹುದು. "ಹೊರದೇಶದಲ್ಲಿ ಕೆಲಸ ಕೊಡಿಸುತ್ತೇವೆ" ಎನ್ನುವವರು 1983ರ ವಲಸೆ ಕಾಯ್ದೆಯಡಿ ವಿದೇಶಾಂಗ ಸಚಿವಾಲಯದಲ್ಲಿ ನೋಂದಾಯಿತರಾಗಿರಬೇಕು. ಇ-ಮೈಗ್ರೇಟ್ ಜಾಲತಾಣದಲ್ಲಿ ಅವರ ನೋಂದಣಿ ಪರಿಶೀಲಿಸಬಹುದು. ಅವರು ಪಡೆಯಬಹುದಾದ ಸೇವಾ ಶುಲ್ಕದ ಗರಿಷ್ಠ ಮಿತಿ 30,000 ರೂಪಾಯಿ ಮತ್ತು ಅದರ ಮೇಲಿನ ಜಿಎಸ್‌ಟಿ. ಲಕ್ಷಗಳಲ್ಲಿ ಕೇಳುವವರ ಮುಂದೆ ಈ ಅಂಕಿ ನೆನಪಿರಲಿ.

ಹೋಗಬೇಡಿ ಎಂದು ಈ ಲೇಖನ ಹೇಳುತ್ತಿಲ್ಲ. ಹುನ್ನರವಿರುವ ಮಕ್ಕಳು ಹೋಗಲಿ, ಬೆಳೆಯಲಿ. ಕ್ರಮ ಮಾತ್ರ ತಪ್ಪದಿರಲಿ: ಮೊದಲು ಪಾಸ್‌ಪೋರ್ಟ್ ಮತ್ತು ಅಂಕಪಟ್ಟಿಯ ಹೆಸರು ಸರಿಯಾಗಲಿ, ಆಮೇಲೆ ನಿಮ್ಮ ಕೆಲಸದ ಸಂಕೇತ ಸಂಖ್ಯೆ ಹುಡುಕಿ, ಇಂಗ್ಲಿಷ್ ಪರೀಕ್ಷೆ ಬರೆಯಿರಿ, ಕೌಶಲ ಅಥವಾ ವಿದ್ಯಾರ್ಹತೆಯ ಮೌಲ್ಯಮಾಪನ ಮಾಡಿಸಿ, ನಂತರ ಯಾವ ಪ್ರಾಂತ್ಯಕ್ಕೆ ನಿಮ್ಮ ಕೆಲಸ ಬೇಕಾಗಿದೆ ಎಂದು ಆಯಾ ಸರ್ಕಾರದ ಜಾಲತಾಣದಲ್ಲೇ ಓದಿ. ಈ ಹಂತಗಳ ಖರ್ಚು ಸಂಬಳದಿಂದ ಉಳಿಸಿ ಭರಿಸಬಹುದಾದದ್ದು. ಮನೆಯ ಹಿರಿಯರಲ್ಲಿ ಒಂದೇ ವಿನಂತಿ: ಆಹ್ವಾನ ಪತ್ರವನ್ನು ಸರ್ಕಾರಿ ಜಾಲತಾಣದಲ್ಲಿ ಮಗನ, ಮಗಳ ಸ್ವಂತ ಖಾತೆಯಲ್ಲಿ ಕಣ್ಣಾರೆ ನೋಡುವವರೆಗೆ ತೋಟದ ಪತ್ರ ಯಾರ ಕೈಗೂ ಕೊಡಬೇಡಿ.