ಶಿಶು ವಾರ್ಡಿನ ನೀರಲ್ಲಿ ಅಡಗುವ ರೋಗಾಣು

ನವಜಾತ ಶಿಶುವಿಗೆ ನಂಜೇರಿದೆ ಎಂಬ ಶಂಕೆ ಬಂದರೆ ವೈದ್ಯರು ಸಾಮಾನ್ಯವಾಗಿ ಮೊದಲು ಕೊಡುವುದು ಆಂಪಿಸಿಲಿನ್ ಮತ್ತು ಜೆಂಟಾಮೈಸಿನ್. ಗುಣ ಕಾಣದಿದ್ದರೆ ಇನ್ನೂ ಬಲವಾದ ಮೆರೊಪೆನೆಮ್. ಇವು ಯಾವುದಕ್ಕೂ ಸಾಮಾನ್ಯವಾಗಿ ಜಗ್ಗದ ಒಂದು ಬ್ಯಾಕ್ಟೀರಿಯಾ ಇದೆ: ಎಲಿಜಬೆತ್‌ಕಿಂಗಿಯಾ ಮೆನಿಂಗೊಸೆಪ್ಟಿಕಾ. ಅಮೆರಿಕದ ಎಲಿಜಬೆತ್ ಕಿಂಗ್ 1959ರಲ್ಲಿ ಇದನ್ನು ವಿವರಿಸಿದರು. 2005ರಲ್ಲಿ ಅದಕ್ಕೆ ಅವರ ಹೆಸರೇ ಬಂತು. ಸೋಂಕು ಅಪರೂಪ. ಆದರೆ ಅವಧಿಗೆ ಮುನ್ನ ಹುಟ್ಟಿದ ಮಕ್ಕಳಲ್ಲಿ ಮೆನಿಂಜೈಟಿಸ್ (ಮಿದುಳಿನ ಪೊರೆಯ ಉರಿಯೂತ) ತರುತ್ತದೆ, ಒಂದೇ ವಾರ್ಡಿನ ಹಲವು ಮಕ್ಕಳಿಗೆ ತಗಲಬಹುದು.

ಎಲ್ಲಿಂದ ಬರುತ್ತದೆ?

ಇದರ ನೆಲೆ ಮಣ್ಣು ಮತ್ತು ನೀರು. ಆಸ್ಪತ್ರೆಯಲ್ಲಿ ನಲ್ಲಿ ಬಾಯಿಯ ಜಾಲರಿ, ಸಿಂಕಿನ ಕೊಳವೆ, ಸಕ್ಷನ್ ಟ್ಯೂಬು, ಆಕ್ಸಿಜನ್‌ಗೆ ತೇವ ಕೊಡುವ ಬಾಟಲಿ ಇವುಗಳಲ್ಲಿ ಲೋಳೆ ಕಟ್ಟಿಕೊಂಡು ಉಳಿಯುತ್ತದೆ. ಬಾಟಲಿಯ ಹಳೆಯ ನೀರು ಚೆಲ್ಲದೆ ಅದರ ಮೇಲೇ ನಲ್ಲಿ ನೀರು ತುಂಬಿದರೆ ರೋಗಾಣುವಿಗೆ ದಾರಿ ಮಾಡಿಕೊಟ್ಟಂತೆ.

ಪತ್ತೆ ಹೇಗೆ?

ಆ್ಯಂಟಿಬಯೋಟಿಕ್ ಶುರುಮಾಡುವ ಮುನ್ನವೇ ಬ್ಲಡ್ ಕಲ್ಚರ್‌ಗೆ ಕನಿಷ್ಠ 1 ಮಿ.ಲೀ. ರಕ್ತ ತೆಗೆಯಬೇಕು, ಮೆನಿಂಜೈಟಿಸ್ ಶಂಕೆಯಿದ್ದರೆ ಬೆನ್ನುಹುರಿಯ ದ್ರವವನ್ನೂ ಕಳಿಸಬೇಕು. ಇದು ಬ್ಲಡ್ ಅಗಾರ್ ಮೇಲೆ ಬೆಳೆಯುತ್ತದೆ, ಮ್ಯಾಕಾಂಕಿ ಅಗಾರ್ ಮೇಲೆ ಸಾಮಾನ್ಯವಾಗಿ ಬೆಳೆಯುವುದಿಲ್ಲ. ಆಕ್ಸಿಡೇಸ್ ಪರೀಕ್ಷೆ ಪಾಸಿಟಿವ್. ಸಣ್ಣ ಲ್ಯಾಬಿನಲ್ಲಿ ಹೀಗೆ ಕಂಡರೆ 'ಸ್ಯೂಡೊಮೊನಾಸ್ ಇರಬಹುದು' ಎಂದು ಬರೆದು ಮುಗಿಸದೆ ಮೆಡಿಕಲ್ ಕಾಲೇಜಿನ ಲ್ಯಾಬಿಗೆ ಕಳಿಸುವುದು ಒಳಿತು.

ಚಿಕಿತ್ಸೆ ಹೇಗೆ?

ಮೆರೊಪೆನೆಮ್ ಗುಂಪಿನ ಔಷಧಗಳನ್ನು ಒಡೆಯುವ ಕಿಣ್ವಗಳು ಈ ಬ್ಯಾಕ್ಟೀರಿಯಾಕ್ಕೆ ಹುಟ್ಟಿನಿಂದಲೇ ಇವೆ. ಗ್ರಾಂ ನೆಗೆಟಿವ್ ಆಗಿದ್ದರೂ, ಗ್ರಾಂ ಪಾಸಿಟಿವ್ ರೋಗಾಣುಗಳಿಗೆ ಮೀಸಲಾದ ವ್ಯಾಂಕೊಮೈಸಿನ್ ಕೆಲವೊಮ್ಮೆ ಫಲ ಕೊಟ್ಟಿದೆ. ರಿಫಾಂಪಿಸಿನ್, ಸಿಪ್ರೊಫ್ಲಾಕ್ಸಾಸಿನ್ ಕೂಡ ಬಳಕೆಯಲ್ಲಿವೆ. ಯಾವುದು ಸರಿ ಎಂಬುದನ್ನು ಲ್ಯಾಬ್ ವರದಿ ನೋಡಿಯೇ ತೀರ್ಮಾನಿಸಬೇಕು.

ತಡೆ ಹೇಗೆ?

ಇಲ್ಲಿ ದುಬಾರಿ ಔಷಧಕ್ಕಿಂತ ನೀರಿನ ಶಿಸ್ತು ಮುಖ್ಯ.

• ಆಕ್ಸಿಜನ್ ಬಾಟಲಿಗೆ ಸ್ಟೆರೈಲ್ ನೀರು ಮಾತ್ರ. ದಿನವೂ ಚೆಲ್ಲಿ, ತೊಳೆದು, ಒಣಗಿಸಿ ತುಂಬಬೇಕು.
• ಹಾಲು ಕುಡಿಸುವ ಒಳಲೆಯನ್ನು ಪ್ರತಿ ಸಲ ತೊಳೆದು, ಕುದಿಸಿ, ಒಣಗಿಸಬೇಕು.
• ಉಳಿದ ಹಾಲು, ಡ್ರಿಪ್ ದ್ರವಗಳನ್ನು ಕೈತೊಳೆಯುವ ಸಿಂಕಿಗೆ ಸುರಿಯಬಾರದು. ಸಿಂಕಿನ ಹನಿ ಸಿಡಿಯುವಷ್ಟು ಹತ್ತಿರ ಮಗುವನ್ನಾಗಲಿ ಔಷಧವನ್ನಾಗಲಿ ಇಡಬಾರದು.
• ಕೈತೊಳೆದು ಒರೆಸಿಕೊಂಡ ಮೇಲೆ, ಮಗುವನ್ನು ಮುಟ್ಟುವ ಮುನ್ನ ಸ್ಪಿರಿಟ್ ಇರುವ ಹ್ಯಾಂಡ್‌ರಬ್ ಹಚ್ಚಿಕೊಳ್ಳಬೇಕು.

ಮನೆಯವರು ಗಮನಿಸಬೇಕಾದದ್ದು

ಮಗು ಹಾಲು ಚೀಪದಿದ್ದರೆ, ಮುಟ್ಟಿದರೂ ಮಿಸುಕದಿದ್ದರೆ, ಫಿಟ್ಸ್ ಬಂದರೆ, ಜ್ವರವಿದ್ದರೆ ಅಥವಾ ಮೈ ತಣ್ಣಗಾದರೆ, ನಿಮಿಷಕ್ಕೆ 60 ಅಥವಾ ಹೆಚ್ಚು ಸಲ ಉಸಿರಾಡಿದರೆ ತಡಮಾಡದೆ ಆಸ್ಪತ್ರೆಗೆ ಒಯ್ಯಿರಿ. ಮೆನಿಂಜೈಟಿಸ್‌ನಿಂದ ಬದುಕುಳಿದ ಮಗುವಿನ ಮಿದುಳಿನಲ್ಲಿ ನೀರು ತುಂಬಿಕೊಳ್ಳಬಹುದು, ಕಿವಿ ಮಂದವಾಗಬಹುದು. ಆದ್ದರಿಂದ ಪ್ರತಿ ಭೇಟಿಯಲ್ಲೂ ತಲೆಯ ಸುತ್ತಳತೆಯನ್ನು ಟೇಪಿನಿಂದ ಅಳೆಸಿ ತಾಯಿ ಕಾರ್ಡಿನಲ್ಲಿ ಬರೆಸಿ. ಕಿವಿ ಪರೀಕ್ಷೆಯನ್ನೂ ತಪ್ಪದೆ ಮಾಡಿಸಿ.