ತಪ್ಪು ಮಾಡದವನ ಭಯ

ಹಿಚ್‌ಕಾಕ್ ಸಿನಿಮಾ ಹಾಕಿದ್ರೆ ಮೊದಲು ಎಲ್ಲರೂ ಹುಡುಕೋದು ಅವರನ್ನೇ. ‘ದಿ ಬರ್ಡ್ಸ್’ನಲ್ಲಿ (1963) ಎರಡು ನಾಯಿ ಹಿಡಿದು ಅಂಗಡಿಯಿಂದ ಹೊರಬರ್ತಾರೆ. ‘ನಾರ್ತ್ ಬೈ ನಾರ್ತ್‌ವೆಸ್ಟ್’ನಲ್ಲಿ (1959) ಅವರಿಗೆ ಬಸ್ ತಪ್ಪಿಹೋಗುತ್ತೆ. ನೀವೂ ನೋಡಿ ನಕ್ಕಿರಬಹುದು, ನಾನಂತೂ ನಕ್ಕಿದ್ದೇನೆ.

ಹೋದ ವರ್ಷ ಆಫೀಸಿನಲ್ಲಿ ಪಾರ್ಟಿಗೆಂದು ಕೂಡಿಸಿದ್ದ ಹಣ ಕಾಣೆಯಾಯಿತು. ಕೊನೆಯಲ್ಲಿ ಎಣಿಸಿದವಳು ನಾನು. ಯಾರೂ ಬಾಯಿಬಿಟ್ಟು ಏನೂ ಅನ್ನಲಿಲ್ಲ. ನನ್ನನ್ನು ಊಟಕ್ಕೆ ಕರೆಯೋದು ಮಾತ್ರ ನಿಂತಿತು.

ಆ ವಾರವೇ ‘ದಿ ರಾಂಗ್ ಮ್ಯಾನ್’ (1956) ನೋಡಿದೆ. ಹಿಚ್‌ಕಾಕ್ ಅವರ ನಿಜವಾದ ಮುದ್ರೆ ಏನು ಅಂತ ಆಗ ಗೊತ್ತಾಯ್ತು: ತಪ್ಪು ಮಾಡದೆ ಸಿಕ್ಕಿಬೀಳುವ ಸಾಮಾನ್ಯ ಮನುಷ್ಯ. ‘ದಿ 39 ಸ್ಟೆಪ್ಸ್’ನಲ್ಲಿ (1935) ಓಡುವವನೂ ಅವನೇ. ಚಿಕ್ಕಂದಿನಲ್ಲಿ ಅಪ್ಪ ಚೀಟಿ ಕೊಟ್ಟು ಪೊಲೀಸ್ ಠಾಣೆಗೆ ಕಳಿಸಿದ್ದು, ಅಲ್ಲಿ ಸ್ವಲ್ಪ ಹೊತ್ತು ಕೂಡಿಹಾಕಿದ್ದು, ಎಲ್ಲವನ್ನೂ ಹಿಚ್‌ಕಾಕ್ ತಾವೇ ಹೇಳಿಕೊಳ್ಳುತ್ತಿದ್ದರು.

ನಡೆದ ಘಟನೆ ಆಧರಿಸಿದ ಈ ಚಿತ್ರದಲ್ಲಿ ಅವರು ತಮಾಷೆಗೆ ಇಣುಕೋದಿಲ್ಲ. ಆರಂಭದಲ್ಲೇ ನೆರಳಿನಂತೆ ನಿಂತು, ಇದು ನಿಜ ಕತೆ ಅಂತಾರೆ. ದರೋಡೆಕೋರನೆಂದು ಬಂಧಿತನಾಗುವ ಸಂಗೀತಗಾರನ ಪಾತ್ರ ಹೆನ್ರಿ ಫೋಂಡಾ ಅವರದು. ಅಸಲಿ ಕಳ್ಳ ಸಿಕ್ಕ ಸುದ್ದಿ ಹೇಳೋಕೆ ಆತ ಹೆಂಡತಿಯ ಹತ್ತಿರ ಹೋಗ್ತಾನೆ. ಅಷ್ಟರಲ್ಲಿ ಅವಳ ಮನಸ್ಸು ಮುರಿದುಹೋಗಿರುತ್ತೆ, ಮುಖ ಅರಳೋದಿಲ್ಲ.

ನಮ್ಮ ಆಫೀಸಿನ ಹಣದ ಕವರ್ ಹದಿನೈದು ದಿನದ ಮೇಲೆ ಬೇರೆ ಯಾರದೋ ಡ್ರಾಯರ್‌ನಲ್ಲಿ ಸಿಕ್ತು. ಮತ್ತೆ ಊಟಕ್ಕೆ ಕರೆದರು, ಹೋದೆ. ಆದರೆ ಈಗಲೂ ಪಕ್ಕದವರು ಪರ್ಸ್ ಹುಡುಕೋಕೆ ಶುರು ಮಾಡಿದ್ರೆ ಸಾಕು, ನನ್ನ ಕೈ ಬೆವರುತ್ತೆ.