ಎರಡನೆಯ ಆಸನದ ಹೊಣೆ



ನಮ್ಮ ವ್ಯಾಪಾರಸ್ಥ ಮನೆತನಗಳಲ್ಲಿ ಲಯನ್ಸ್ ಕ್ಲಬ್ಬಿನ ಹೆಸರು ಕೇಳದವರು ವಿರಳ. ಸೊಲ್ಲಾಪುರವಿರಲಿ, ಹೊಸೂರಿರಲಿ, ಅಂಗಡಿಯ ಗೋಡೆಯ ಮೇಲೆ ತೀರ್ಥಕ್ಷೇತ್ರದ ಪಟದ ಪಕ್ಕದಲ್ಲಿಯೇ ಕ್ಲಬ್ಬಿನ ಪ್ರಮಾಣಪತ್ರ ತೂಗುವುದನ್ನು ಕಂಡಿದ್ದೇವೆ. ಕ್ಲಬ್ಬಿನ ಅಧ್ಯಕ್ಷರನ್ನು ಊರೆಲ್ಲ ಬಲ್ಲದು. ಹಲವು ಕ್ಲಬ್ಬುಗಳನ್ನು ಕೂಡಿಸಿದ ಜಿಲ್ಲೆಗೆ ಒಬ್ಬ ಗವರ್ನರ್ ಇರುತ್ತಾರೆಂಬುದೂ ಹಲವರಿಗೆ ಗೊತ್ತು. ಆದರೆ ಗವರ್ನರರ ಪಕ್ಕದ ಆಸನದಲ್ಲಿ ಕೂಡುವ ಉಪ ಗವರ್ನರರ ಕೆಲಸವೇನು? ಕೆಲವು ವರ್ಷಗಳ ಹಿಂದೆ ಒಂದು ವರ್ಷ ನಾವು ಆ ಹೊಣೆ ಹೊತ್ತೆವು. ಆಗ ಕಲಿತದ್ದನ್ನು, ಎಡವಿದ್ದನ್ನೂ ಸೇರಿಸಿ, ತಮ್ಮ ಮುಂದಿಡುತ್ತಿದ್ದೇವೆ.

ಸಂಸ್ಥೆಯ ಕಟ್ಟು

ಈ ಬಳಗ ಹುಟ್ಟಿದ್ದು 1917ರಲ್ಲಿ, ಅಮೆರಿಕದ ಶಿಕಾಗೋ ನಗರದಲ್ಲಿ. ಹುಟ್ಟುಹಾಕಿದ ಮೆಲ್ವಿನ್ ಜೋನ್ಸ್ ವಿಮೆಯ ವ್ಯವಹಾರಸ್ಥರು. ವ್ಯಾಪಾರಿಗಳು ಒಂದೆಡೆ ಕೂಡಿದ ಮೇಲೆ ತಮ್ಮ ಲಾಭವನ್ನಷ್ಟೇ ಏಕೆ ಎಣಿಸಬೇಕು ಎಂಬುದು ಅವರ ಪ್ರಶ್ನೆಯಾಗಿತ್ತು. 1925ರಲ್ಲಿ ಓಹಾಯೋ ರಾಜ್ಯದ ಸೀಡರ್ ಪಾಯಿಂಟ್ ಅಧಿವೇಶನಕ್ಕೆ ಬಂದ ಹೆಲೆನ್ ಕೆಲ್ಲರ್ ಅಂಧರ ಪರವಾಗಿ ನಿಲ್ಲಿರೆಂದು ಕರೆ ಕೊಟ್ಟರು. ಇಂದು ನಮ್ಮ ಊರುಗಳಲ್ಲಿ ನಡೆಯುವ ಕಣ್ಣಿನ ಶಿಬಿರಗಳಿಗೆ ಮೂಲ ಆ ಕರೆಯೇ. ಭಾರತಕ್ಕೆ ಲಯನ್ಸ್ ಬಂದದ್ದು 1956ರಲ್ಲಿ, ಮುಂಬಯಿಗೆ. 1987ರಿಂದ ಮಹಿಳೆಯರಿಗೂ ಸದಸ್ಯತ್ವವಿದೆ. ಔಷಧದಾನವನ್ನು ಚತುರ್ವಿಧ ದಾನಗಳಲ್ಲಿ ಒಂದೆಂದು ನಂಬಿದ ನಮ್ಮ ಜನರನ್ನು ಈ ಕೆಲಸ ಸೆಳೆದುದರಲ್ಲಿ ಆಶ್ಚರ್ಯವಿಲ್ಲ.

ಹೊಸ ಕ್ಲಬ್ಬಿಗೆ ಕನಿಷ್ಠ 20 ಸದಸ್ಯರು ಬೇಕು. ಪೂರ್ಣ ಜಿಲ್ಲೆಯೆನಿಸಲು 35 ಕ್ಲಬ್ಬುಗಳೂ 1,250 ಸದಸ್ಯರೂ ಬೇಕು. ಇದು ಸರ್ಕಾರದ ಜಿಲ್ಲೆಯಲ್ಲ, ಲಯನ್ಸ್ ತನ್ನ ಅನುಕೂಲಕ್ಕೆ ಹಾಕಿಕೊಂಡ ಗಡಿ. ಗವರ್ನರರ ಅವಧಿ ಒಂದು ಅಂತರರಾಷ್ಟ್ರೀಯ ಅಧಿವೇಶನದ ಮುಕ್ತಾಯದಿಂದ ಮುಂದಿನ ಅಧಿವೇಶನದ ಮುಕ್ತಾಯದವರೆಗೆ, ಒಂದೇ ವರ್ಷ. ಅವರ ಕೆಳಗೆ ಮೊದಲನೆಯ ಮತ್ತು ಎರಡನೆಯ ಉಪ ಗವರ್ನರರು. ಗವರ್ನರರ ಸ್ಥಾನ ನಡುವೆ ತೆರವಾದರೆ, ಬೇರೆ ವ್ಯವಸ್ಥೆಯಾಗುವವರೆಗೆ ಮೊದಲನೆಯ ಉಪ ಗವರ್ನರರೇ ಕಾರ್ಯ ನಡೆಸಬೇಕು. ಉಳಿದ ದಿನಗಳಲ್ಲಿ ಸೊರಗಿದ ಕ್ಲಬ್ಬನ್ನು ಗುರುತಿಸುವುದು, ಭೇಟಿ ಕೊಡುವುದು, ಕಂಡದ್ದನ್ನು ಗವರ್ನರರಿಗೆ ತಿಳಿಸುವುದು. ಮುಂದಿನ ವರ್ಷ ಗವರ್ನರ್ ಆಗಬೇಕೆಂದರೆ ಜಿಲ್ಲಾ ಅಧಿವೇಶನದಲ್ಲಿ ಮತ ಪಡೆದೇ ಆಗಬೇಕು.

ವಾಲಿದ ತಕ್ಕಡಿ

ಆ ವರ್ಷ ಒಂದು ಸಣ್ಣ ಊರಿನ ಕ್ಲಬ್ಬು ವಂತಿಗೆ ಕಟ್ಟಿರಲಿಲ್ಲ. ಬಾಕಿ ಹೀಗೆಯೇ ಉಳಿದರೆ ಕ್ಲಬ್ಬು ಅಮಾನತಾಗುವ ಸ್ಥಿತಿ. ಅಧ್ಯಕ್ಷರು ಎಣ್ಣೆ ವ್ಯಾಪಾರಿ, ಖಜಾಂಚಿ ನಮ್ಮ ಸಮಾಜದವರು. ಹಣ ಎಲ್ಲಿ ಹೋಯಿತೆಂದು ಇವರಿಬ್ಬರಿಗೂ ಮಾತು ನಿಂತಿತ್ತು. ನಮ್ಮನ್ನು ಕಳಿಸಿದರು.

ನಾವು ಸಂಜೆ ಹೊತ್ತಿಗೆ ಆ ಊರು ತಲುಪಿದೆವು. ಸೂರ್ಯಾಸ್ತದ ಮೊದಲು ಊಟವಾಗಬೇಕು ಎಂಬ ನೇಮ ನಮ್ಮದು. ಸಹಜವಾಗಿ ಖಜಾಂಚಿಯ ಮನೆಗೇ ಹೋದೆವು. ಅವರು ತಾಟಿನ ಮುಂದೆಯೇ ಪುಸ್ತಕ ತೆರೆದರು. “ಅಣ್ಣಾರ, ನೀವೇ ನೋಡ್ರಿ. ಒಂದು ಪೈಸಾನೂ ನಾ ತಿಂದಿಲ್ಲ” ಎಂದರು. ನಮಗೂ ಹಾಗೆಯೇ ಕಂಡಿತು. ರಾತ್ರಿಯಾಯಿತೆಂದು ಅಧ್ಯಕ್ಷರನ್ನು ಕಾಣದೆ ಊರಿಗೆ ಮರಳಿದೆವು.

ಮರುದಿನ ಅಧ್ಯಕ್ಷರು ಫೋನಿನಲ್ಲಿ ಹೇಳಿದ್ದು ಒಂದೇ ಮಾತು: “ನ್ಯಾಯ ಊಟದ ತಾಟಿನ್ಯಾಗ ಆಗೇದ ಅಂತ ಕೇಳಿದಿವ್ರಿ.” ನಮಗೆ ಸಿಟ್ಟು ಬಂತು. ಮನೆಯಲ್ಲಿ ಹೇಳಿಕೊಂಡೆವು. ನಮ್ಮ ಮನೆಯವರು ಅಕ್ಕಿ ಆರಿಸುತ್ತಲೇ, “ಅವರು ಹೇಳಿದ್ರಾಗ ತಪ್ಪೇನೈತ್ರಿ? ನಮ್ಮವರ ಮನಿಗಿ ಹೋದ್ರಿ, ಅವರ ಮನಿಗಿ ಹೋಗಲಿಲ್ಲ. ಮಾಲು ಹಾಕೂದಕಿಂತ ಮೊದಲ ತಕ್ಕಡಿ ವಾಲಿತಲ್ಲ” ಎಂದರು. ಉತ್ತರಿಸಲು ನಮ್ಮಲ್ಲಿ ಮಾತಿರಲಿಲ್ಲ.

ವಾರದೊಳಗೆ ಮತ್ತೆ ಹೋದೆವು. ಈ ಸಲ ಬುತ್ತಿ ಕಟ್ಟಿಕೊಂಡು ಹೋದೆವು, ಯಾರ ಮನೆಯಲ್ಲೂ ಉಣ್ಣಲಿಲ್ಲ. ಮೊದಲು ಅಧ್ಯಕ್ಷರ ಅಂಗಡಿಗೆ ಹೋಗಿ ತಪ್ಪೊಪ್ಪಿಕೊಂಡೆವು. ಪುಸ್ತಕವನ್ನು ನಾವು ನೋಡುವುದಿಲ್ಲ, ನೀವೊಬ್ಬರನ್ನು, ಖಜಾಂಚಿಯವರೊಬ್ಬರನ್ನು ಆರಿಸಿ, ಆ ಇಬ್ಬರು ಸದಸ್ಯರೇ ನೋಡಲಿ ಎಂದೆವು. ಅವರು ಎರಡು ಸಂಜೆ ಕುಳಿತು ಲೆಕ್ಕ ಬಿಡಿಸಿದರು. ಹಣ ಯಾರೂ ತಿಂದಿರಲಿಲ್ಲ. ಕಣ್ಣಿನ ಶಿಬಿರಕ್ಕೆ ಮಾತು ಕೊಟ್ಟ ದಾನಿಗಳು ಹಣ ಕೊಡದಿದ್ದಾಗ, ರೋಗಿಗಳನ್ನು ಹಿಂದೆ ಕಳಿಸಬಾರದೆಂದು ಖಜಾಂಚಿ ವಂತಿಗೆಯ ಹಣವನ್ನೇ ಖರ್ಚು ಮಾಡಿ, ಯಾರಿಗೂ ಹೇಳದೆ ಕುಳಿತಿದ್ದರು. ಉದ್ದೇಶ ಒಳ್ಳೆಯದು, ದಾರಿ ತಪ್ಪು. ಆಡಳಿತದ ಲೆಕ್ಕವೇ ಬೇರೆ, ಸೇವೆಯ ಲೆಕ್ಕವೇ ಬೇರೆ ಇರಬೇಕೆಂಬುದು ಲಯನ್ಸ್ ನಿಯಮ. ಬಸದಿಯ ಹುಂಡಿಯನ್ನೂ ಅಂಗಡಿಯ ಗಲ್ಲೆಯನ್ನೂ ಕೂಡಿಸಬಾರದೆಂದು ಬಲ್ಲ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಖಜಾಂಚಿ ಸಭೆಯಲ್ಲಿ ತಪ್ಪೊಪ್ಪಿಕೊಂಡರು. ಸದಸ್ಯರು ಕೈಯಿಂದ ಹಣ ಹಾಕಿ ಬಾಕಿ ತೀರಿಸಿದರು. ದಾನಿಗಳ ಬಳಿ ವಸೂಲಿಗೆ ಹೊರಟವರು ಸ್ವತಃ ಅಧ್ಯಕ್ಷರು.

ಮನೆಯ ಎರಡನೆಯವರು

ಜಿಲ್ಲಾ ಅಧಿವೇಶನದಲ್ಲಿ ಗವರ್ನರರು ಆ ಕ್ಲಬ್ಬು ಉಳಿದ ಸಂಗತಿಯನ್ನು ಹೇಳಿದಾಗ ಚಪ್ಪಾಳೆ ಬಿತ್ತು. ನಮ್ಮ ಹೆಸರು ಬರಲಿಲ್ಲ. ಒಂದು ಗಳಿಗೆ ನೋವಾದದ್ದನ್ನು ಮುಚ್ಚಿಡುವುದಿಲ್ಲ. ಆದರೆ ಬಸ್ಸಿನಲ್ಲಿ ಮರಳುವಾಗ ಬೇರೊಂದು ಯೋಚನೆ ಹತ್ತಿತು. ವರ್ಷವಿಡೀ ನಾವು ಊರೂರು ತಿರುಗುವಾಗ ಬಟ್ಟೆ ಅಂಗಡಿಯ ಬಾಗಿಲು ತೆಗೆದವನು, ದೀಪಾವಳಿಯ ಲೆಕ್ಕ ಮುಗಿಸಿದವನು, ದಶಲಕ್ಷಣ ಪರ್ವದಲ್ಲಿ ತಾಯಿಯವರನ್ನು ಬಸದಿಗೆ ಕರೆದೊಯ್ದವನು ನಮ್ಮ ತಮ್ಮ. ಅವನ ಹೆಸರನ್ನು ನಾವು ಯಾವ ಸಭೆಯಲ್ಲಿ ಹೇಳಿದ್ದೆವು? ಗವರ್ನರರು ಮರೆತದ್ದಕ್ಕೆ ನೊಂದುಕೊಂಡ ನಾವು ಅದನ್ನೇ ಮನೆಯಲ್ಲಿ ಮಾಡಿದ್ದೆವು.

ಗವರ್ನರ್ ಸ್ಥಾನಕ್ಕೆ ನಿಲ್ಲಬೇಕೆಂದು ಗೆಳೆಯರು ಒತ್ತಾಯಿಸಿದ್ದರು. ನಾವು ನಿಲ್ಲಲಿಲ್ಲ. ಮರುವರ್ಷ ಅಂಗಡಿಯಲ್ಲಿ ಕೂತು, ತಮ್ಮನನ್ನು ಅವನ ಹೆಂಡತಿ ಮಕ್ಕಳೊಂದಿಗೆ ಸಮ್ಮೇದ ಶಿಖರಜಿಯ ಯಾತ್ರೆಗೆ ಕಳಿಸಿದೆವು.

ಇಂಥ ಹೊಣೆಗೆ ಕರೆ ಬಂದರೆ ನಮ್ಮ ತರುಣರು ಹಿಂಜರಿಯಬೇಕಿಲ್ಲ. ಆದರೆ ಒಪ್ಪುವ ಮೊದಲು ಮನೆಯವರೆಲ್ಲ ಕೂತು ಮಾತಾಡಲಿ. ಪ್ರಯಾಣದಲ್ಲಿ ಕೈಯಿಂದ ಹೋಗುವ ಖರ್ಚೆಷ್ಟು, ಅಂಗಡಿ ನೋಡುವವರು ಯಾರು ಎಂದು ಮೊದಲೇ ತೀರ್ಮಾನವಾಗಲಿ. ಸಭೆಯನ್ನು ನಾಲ್ಕು ಗಂಟೆಗೆ ಇಡಿರೆಂದು ಕೇಳಲು ಸಂಕೋಚ ಬೇಡ, ನಾವು ಕೇಳಿದಾಗ ಹೆಚ್ಚಿನವರು ಸಂತೋಷದಿಂದ ಒಪ್ಪಿದರು. ನಮ್ಮವರು, ಹೊರಗಿನವರು ಎಂಬ ಭೇದ ಹೊಸ್ತಿಲ ಒಳಗೇ ಉಳಿಯಲಿ. ಹಾಗೆಯೇ, ನಿಮ್ಮ ಪರವಾಗಿ ಮನೆಯಲ್ಲಿ ದುಡಿಯುವ ಎರಡನೆಯವರ ಹೆಸರನ್ನು ನಾಲ್ಕು ಜನರ ಮುಂದೆ ಒಮ್ಮೆಯಾದರೂ ಹೇಳಿರಿ.